ನೆರೆಯವರ ಗುಡಿಗೆ ನಾವೇ ಕಾವಲು



ತುಂಗಭದ್ರೆಯ ಉತ್ತರ ದಂಡೆಯ ಮೇಲೆ, ಹಂಪಿಗೆ ಎದುರಾಗಿ, ಆನೆಗೊಂದಿ ಎಂಬ ಸಣ್ಣ ಊರಿದೆ. ಹಾಳು ಕೋಟೆ, ಅಗಸೆ, ಗಗನಮಹಲು, ರಂಗನಾಥನ ಗುಡಿ, ಜೈನ ಬಸದಿ, ಹೊಳೆಯಲ್ಲಿ ಹಳೆಯ ಸೇತುವೆಯ ಕಲ್ಲುಕಂಬಗಳು. ಇವುಗಳ ನಡುವೆಯೇ ಹಲವು ಜಾತಿ ಮತಗಳ ಜನ ಮನೆಮಾಡಿಕೊಂಡು ಬತ್ತ ಬಾಳೆ ಬೆಳೆದು ಬದುಕಿದ್ದಾರೆ. 1327ರಲ್ಲಿ ದಿಲ್ಲಿಯ ಸೈನ್ಯ ಕಂಪಿಲರಾಯನ ರಾಜ್ಯವನ್ನು ಅಳಿಸಿತು. 1336ರಲ್ಲಿ ಎದುರುದಂಡೆಯಲ್ಲಿ ವಿಜಯನಗರ ಎದ್ದಿತು. 1565ರ ಯುದ್ಧದ ಬಳಿಕ ಅದೂ ಹಾಳಾಯಿತು. ಅರಸರು ಹೋದರು, ಊರು ಉಳಿಯಿತು. ಯಾವ ಬಲದಿಂದ ಉಳಿಯಿತೆಂಬುದನ್ನು ನಾವು ಯೋಚಿಸಬೇಕು.

1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಬಂದಿತು. ಬುಕ್ಕರಾಯನಲ್ಲಿ ದೂರು ಒಯ್ದ ಜೈನರಲ್ಲಿ ಆನೆಗೊಂದಿಯವರೂ ಇದ್ದರೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು ಭೇದವಿಲ್ಲವೆಂದನು. ಮಾತಿಗೆ ನಿಲ್ಲಲಿಲ್ಲ. ಜೈನರು ಮನೆಗೊಂದು ಹಣ ಕೊಡಬೇಕು. ತಿರುಮಲೆಯ ತಾತಯ್ಯ ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಆಳುಗಳ ಕಾವಲು ಇಡಬೇಕು. ಮಿಕ್ಕ ಹಣದಿಂದ ಜೀರ್ಣ ಬಸದಿಗಳಿಗೆ ಸುಣ್ಣ ಬಳಿಸಬೇಕು. ಜಗಳವಾಡಿದವರ ಹೆಗಲಿಗೇ ಕಾವಲಿನ ಹೊಣೆ! ಇದಲ್ಲವೇ ನಿಜವಾದ ನ್ಯಾಯ?

ಪ್ರೌಢದೇವರಾಯನ ಕಾಲಕ್ಕೆ ಬರೋಣ. ಒಂದು ಕಡೆ ಶರಣತತ್ತ್ವವನ್ನು ಬರೆದ ಲಕ್ಕಣ್ಣ ದಂಡೇಶ ಅವನ ದಂಡನಾಯಕ. ಇನ್ನೊಂದು ಕಡೆ ಅವನ ಸೇನೆಯಲ್ಲಿ ಮುಸಲ್ಮಾನ ಬಿಲ್ಲುಗಾರರು, ರಾವುತರು. 1439ರಲ್ಲಿ ಅಹಮದಖಾನನೆಂಬವನು ಹಂಪಿಯಲ್ಲಿ ಕಟ್ಟಿಸಿದ ಮಸೀದಿಯನ್ನು ಕನ್ನಡ ಶಾಸನದಲ್ಲಿ ಧರ್ಮಶಾಲೆಯೆಂದು ಕರೆದು, ಅರಸನಿಗೆ ಪುಣ್ಯವಾಗಲೆಂದು ಬರೆಸಿದನು.

ಈಗಿನ ಮಾತು ಕೇಳಿರಿ. ಆನೆಗೊಂದಿಯ ಬಳಿ ಹೊಳೆಯ ನಡುಗಡ್ಡೆಯಲ್ಲಿ ಮಾಧ್ವ ಯತಿಗಳ ಒಂಬತ್ತು ವೃಂದಾವನಗಳಿವೆ. 2019ರ ಜುಲೈನಲ್ಲಿ ನಿಧಿಯ ಆಸೆಯಿಂದ ಕಳ್ಳರು ವ್ಯಾಸರಾಯರ ವೃಂದಾವನವನ್ನು ಒಡೆದುಹಾಕಿದರು. ಭಕ್ತರು ಕೂಡಿ ಕೂಡಲೇ ಅದನ್ನು ಮತ್ತೆ ಕಟ್ಟಿದರು. ದಿಲ್ಲಿಯ ದಂಡು ಹಿಂದೆ ಬಂದಿತ್ತು. ಈಗ ಬಂದದ್ದು ನಮ್ಮೊಳಗಿನ ಲೋಭ. ಅದನ್ನು ಯಾವ ಕೋಟೆ ತಡೆಯಬಲ್ಲದು?

ನಮ್ಮ ನಮ್ಮ ಊರುಗಳನ್ನೇ ನೋಡೋಣ. ಶಾಸನದ ಕಲ್ಲು ಬಟ್ಟೆ ಒಗೆಯುವ ಬಂಡೆಯಾಗಿದೆ, ವೀರಗಲ್ಲು ಗೋಡೆಯ ಬುಡ ಸೇರಿದೆ. ಅದು ನಮ್ಮ ಮತದ್ದಲ್ಲವೆಂದು ಸುಮ್ಮನೆ ದಾಟಿ ಹೋಗುತ್ತೇವೆ. ನಮ್ಮ ಗುಡಿಯನ್ನು ನಾವು ಕಾಯುವುದು ಸಹಜ, ಅದರಲ್ಲಿ ಹೆಚ್ಚಳವೇನೂ ಇಲ್ಲ. ನೆರೆಯವರ ಬಸದಿಗೆ, ದರ್ಗಾಕ್ಕೆ, ವೃಂದಾವನಕ್ಕೆ ಕಾವಲಾಗಿ ನಿಂತಾಗಲೇ ಊರು ಊರಾಗಿ ಉಳಿಯುತ್ತದೆ. ಬುಕ್ಕರಾಯ ಇಟ್ಟ ಆ ಇಪ್ಪತ್ತು ಆಳುಗಳ ಸಾಲಿನಲ್ಲಿ ನಾವೂ ನಿಲ್ಲೋಣ.