ಕಿವಿ ನೋವು, ಮೂಲ ಗಂಟಲಲ್ಲಿ: ಆಪರೇಷನ್ ಇಲ್ಲದೆ ನಿಭಾಯಿಸುವುದು ಹೇಗೆ?

ದೊಡ್ಡಗದ್ದವಳ್ಳಿ: ಅಂಗಡಿ ಬಾಗಿಲು ಹಾಕಿ ಹಾಸನಕ್ಕೆ ಹೋಗಿ ಬರೋದು ಅಂದ್ರೆ ಒಂದು ದಿನದ ವ್ಯಾಪಾರ ಹೋದ ಹಾಗೆ. ಹಾಗಾಗಿ ತಿಂಗಳುಗಟ್ಟಲೆ ಗಂಟಲು, ಕಿವಿ ನೋವು ಇದ್ದರೂ ಬಿಸಿ ಎಣ್ಣೆ ಬಿಟ್ಟುಕೊಂಡು ಸುಮ್ಮನಾಗುವವರೇ ಜಾಸ್ತಿ. ಇನ್ನು ಕೆಲವರಿಗೆ ಆಪರೇಷನ್ ಅಂತಾರೇನೋ ಎಂಬ ಭಯ. ಬಹುತೇಕ ಪ್ರಕರಣಗಳಲ್ಲಿ ಅದರ ಅಗತ್ಯವೇ ಬರುವುದಿಲ್ಲ.

ಗಂಟಲು ಮತ್ತು ಕಿವಿಗೆ ಒಂದೇ ನರದ ಕವಲುಗಳಿವೆ. ಟಾನ್ಸಿಲ್ ಊದಿಕೊಂಡರೆ ನೋವು ಕಿವಿಯಲ್ಲಿ ಕಾಣಿಸಬಹುದು. ಹುಳುಕು ದವಡೆ ಹಲ್ಲು, ರಾತ್ರಿ ಹಲ್ಲು ಕಡಿಯುವ ಅಭ್ಯಾಸದಿಂದಲೂ ಹೀಗೇ ಆಗುತ್ತೆ. ಇಂಥ ಕಡೆ ಕಿವಿಗೆ ಎಣ್ಣೆ ಬಿಟ್ಟು ಪ್ರಯೋಜನವಿಲ್ಲ. ತಮಟೆಯಲ್ಲಿ ತೂತಿದ್ದರೆ ಎಣ್ಣೆ ಒಳಗೆ ಇಳಿದು ಸೋಂಕು ಹೆಚ್ಚಾಗುತ್ತೆ. ಕಿವಿ ಸೋರುವವರು ಸ್ನಾನಕ್ಕೆ ಮೊದಲು ವ್ಯಾಸಲಿನ್ ಸವರಿದ ಹತ್ತಿ ಇಟ್ಟುಕೊಳ್ಳಲಿ, ಕೆರೆಯಲ್ಲಿ ಈಜೋದು ಬೇಡ.

ಗಂಟಲಿಗೆ ಒಂದು ಲೋಟ ಉಗುರುಬೆಚ್ಚಗಿನ ನೀರು, ಅರ್ಧ ಚಮಚ ಉಪ್ಪು, ದಿನಕ್ಕೆ ಮೂರ್ನಾಲ್ಕು ಸಲ ಮುಕ್ಕಳಿಸಿದರೆ ಸಾಕು. ಬೆಳಿಗ್ಗೆ ಹೊತ್ತು ಗಂಟಲು ಉರಿ, ಹುಳಿತೇಗು ಇದ್ದವರಿಗೆ ಆಸಿಡಿಟಿಯೇ ಕಾರಣ ಇರಬಹುದು. ರಾತ್ರಿ ಎಂಟೂವರೆಗೆ ಅಂಗಡಿ ಮುಚ್ಚಿ, ಹತ್ತಕ್ಕೆ ಊಟ, ಹತ್ತೂಕಾಲಿಗೆ ಹಾಸಿಗೆ ಅಂದ್ರೆ ಇದು ವಾಸಿಯಾಗಲ್ಲ. ಊಟಕ್ಕೂ ನಿದ್ದೆಗೂ ಎರಡು ಮೂರು ಗಂಟೆ ಅಂತರ ಬೇಕು. ದಿನವಿಡೀ ಕೂಗಿ ಮಾತಾಡುವವರು ಆಗಾಗ ನೀರು ಕುಡಿಯಬೇಕು. ಬೀಡಿ, ಗುಟ್ಕಾ ಬಿಡದೆ ಬೇರೇನು ಮಾಡಿದರೂ ಅಷ್ಟಕ್ಕಷ್ಟೇ.

ಮೆಡಿಕಲ್ ಶಾಪಿನಲ್ಲಿ ಎರಡು ಆಂಟಿಬಯೋಟಿಕ್ ಮಾತ್ರೆ ಕೇಳಿ ನುಂಗುವುದು ತಪ್ಪು. ವೈರಸ್ ನೋವಿಗೆ ಅದು ನಾಟುವುದಿಲ್ಲ. ಬ್ಯಾಕ್ಟೀರಿಯಾ ಇದ್ದರೆ ಡಾಕ್ಟರು ಬರೆದುಕೊಟ್ಟ ಕೋರ್ಸ್ ಪೂರ್ತಿ ಮುಗಿಸಬೇಕು. ಮಕ್ಕಳಲ್ಲಿ ಅರ್ಧಕ್ಕೆ ಬಿಟ್ಟರೆ ಮುಂದೆ ಹೃದಯದ ಕವಾಟಕ್ಕೆ ತೊಂದರೆಯಾಗುವ ಸಾಧ್ಯತೆ ಇದೆ. ಟಾನ್ಸಿಲ್ ತೆಗೆಯುವ ಮಾತು ಸಾಮಾನ್ಯವಾಗಿ ಬರುವುದು ವರ್ಷಕ್ಕೆ 7 ಸಲ, ಅಥವಾ ಸತತ ಎರಡು ವರ್ಷ 5 ಸಲ ಜೋರಾಗಿ ಕಾಡಿದಾಗ.

ಆದರೆ ಕೆಲವಕ್ಕೆ ಕಾಯುವಂತಿಲ್ಲ. ಮೂರು ವಾರ ದಾಟಿದ ಒಂದೇ ಕಡೆಯ ಗಂಟಲು ಅಥವಾ ಕಿವಿ ನೋವು, ದನಿ ಬದಲಾವಣೆ, ಕತ್ತಿನಲ್ಲಿ ಗಂಟು, ನುಂಗಲು ಕಷ್ಟ, ಬಾಯಿ ಪೂರ್ತಿ ತೆರೆಯಲಾಗದಿರುವುದು – ಅಡಿಕೆ, ತಂಬಾಕು ಜಗಿಯುವವರು ಇದನ್ನು ಮುಂದೂಡಲೇಬಾರದು. ಕಿವಿ ಹಿಂದೆ ಊತ, ಮುಖ ಸೊಟ್ಟಗಾಗುವುದು, ಸಕ್ಕರೆ ಕಾಯಿಲೆ ಇದ್ದವರಿಗೆ ನಿದ್ದೆಗೆಡಿಸುವ ಕಿವಿ ನೋವು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹಾಸನದ ಹಿಮ್ಸ್ ಆಸ್ಪತ್ರೆಯಲ್ಲಿ ಕಿವಿ-ಮೂಗು-ಗಂಟಲು ವಿಭಾಗವಿದೆ. ಹೋಗುವಾಗ ಹಳೆ ಚೀಟಿ, ಈಗ ನುಂಗುತ್ತಿರುವ ಮಾತ್ರೆಯ ಪಟ್ಟಿ ಜೊತೆಗಿರಲಿ.