ದರಿಯಾ ದೌಲತ್ತಿನಲ್ಲಿ ವಾಸವಾಗಿದ್ದ ಕರ್ನಲ್

1799ನೆಯ ಇಸವಿ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯು ಬಿದ್ದು, ಟಿಪ್ಪು ಸುಲ್ತಾನನು ಕಾದಾಡುತ್ತಲೇ ಮಡಿದ ಮರುದಿನ, ಲೂಟಿಯಿಂದ ತತ್ತರಿಸುತ್ತಿದ್ದ ಆ ನಗರದ ಅಧಿಕಾರವನ್ನು ವಹಿಸಿಕೊಂಡವನು ಆಗತಾನೆ ಮೂವತ್ತು ತುಂಬಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಐರ್ಲೆಂಡಿನ ಮಾರ್ನಿಂಗ್ಟನ್ ಪ್ರಭುವಿನ ಮಗನಾದ ಈತನ ಅಣ್ಣನೇ ಅಂದಿನ ಗವರ್ನರ್ ಜನರಲ್. ಕೋಟೆಯನ್ನೇರಿ ಗೆದ್ದವನು ಜನರಲ್ ಬೇರ್ಡ್. ತಿಂಗಳ ಹಿಂದೆ ಸುಲ್ತಾನ್‌ಪೇಟೆಯ ತೋಪಿನ ಕತ್ತಲೆಯಲ್ಲಿ ದಿಕ್ಕುತಪ್ಪಿ ಹಿಮ್ಮೆಟ್ಟಿದವನು ವೆಲ್ಲೆಸ್ಲಿ. ಪದವಿಯು ಎರಡನೆಯವನಿಗೆ ಸಂದುದರಲ್ಲಿ ಕುಲದ ಬಲವೇನೂ ಇರಲಿಲ್ಲವೆಂದು ನಂಬುವುದು ಕಷ್ಟ.

ಆದರೆ ದೊರೆತ ಅಧಿಕಾರವನ್ನು ಅವನು ವ್ಯರ್ಥಗೊಳಿಸಲಿಲ್ಲ. ಲೂಟಿಗಿಳಿದ ಸ್ವಪಕ್ಷದ ಸಿಪಾಯಿಗಳನ್ನೇ ಗಲ್ಲಿಗೇರಿಸಿ ಪಟ್ಟಣವನ್ನು ಶಾಂತಗೊಳಿಸಿದನು. ಬಾಲಕನಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ ಪಟ್ಟಾಭಿಷೇಕವಾದ ಮೇಲೆ ದಿವಾನ್ ಪೂರ್ಣಯ್ಯನವರೊಡನೆ ಸ್ನೇಹವನ್ನು ಬೆಳೆಸಿ, ಸ್ವದೇಶಕ್ಕೆ ಮರಳುವಾಗ ತನ್ನ ಭಾವಚಿತ್ರವನ್ನು ಅವರಿಗೆ ಕೊಟ್ಟನು. ಸುಲ್ತಾನನ ಸೆರೆಯಿಂದ ಬಿಡುಗಡೆಗೊಂಡು 'ಉಭಯಲೋಕಾಧೀಶ್ವರ'ನೆಂದು ಬಿರುದು ಧರಿಸಿದ ಚನ್ನಗಿರಿಯ ಧೋಂಡಿಯಾ ವಾಘನನ್ನು ಬೆನ್ನಟ್ಟಿ, 1800ರ ಸೆಪ್ಟೆಂಬರಿನಲ್ಲಿ ಕೊಂದನಾದರೂ, ಹತನ ಸಾಮಾನುಸರಂಜಾಮುಗಳ ನಡುವೆ ಸಿಕ್ಕಿದ ಆತನ ನಾಲ್ಕು ವರ್ಷದ ಮಗ ಸಲಾಬತ್ ಖಾನನನ್ನು ತನ್ನ ಆಶ್ರಯದಲ್ಲಿಟ್ಟುಕೊಂಡು, ಹೊರಡುವಾಗ ಅವನ ಪೋಷಣೆಗೆ ಹಣವನ್ನೂ ಇರಿಸಿದನು. ಸೈನ್ಯವು ಮೊದಲು ನಡೆಯುವುದು ಹೊಟ್ಟೆಯ ಮೇಲೆ ಎಂಬುದನ್ನು ಅವನಿಗೆ ಮನಗಾಣಿಸಿದವು ಸೇನೆಯ ಸಾಮಗ್ರಿಗಳನ್ನು ಸಾಗಿಸುತ್ತಿದ್ದ ನಮ್ಮ ಅಮೃತಮಹಲಿನ ಎತ್ತುಗಳು; ಮುಂದೆ ಸ್ಪೇನಿನ ಯುದ್ಧಭೂಮಿಯಲ್ಲಿಯೂ ಅವನು ಅವುಗಳನ್ನು ನೆನೆದು ಹಂಬಲಿಸಿದನು.

ಈ ವೆಲ್ಲೆಸ್ಲಿಯೇ ಮುಂದೆ ವೆಲ್ಲಿಂಗ್ಟನ್ ಡ್ಯೂಕನಾದವನು; ವಾಟರ್ಲೂ ರಣದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಅವನ ಕೀರ್ತಿಯು ಲೋಕಪ್ರಸಿದ್ಧ. 1828ರಲ್ಲಿ ಅವನು ಬ್ರಿಟನ್ನಿನ ಪ್ರಧಾನಮಂತ್ರಿಯಾದನು. ಐರ್ಲೆಂಡಿನಲ್ಲಿ ಅಂತಃಕಲಹವು ಹೊತ್ತಿಕೊಳ್ಳುವುದೆಂದು ಕಂಡೊಡನೆ, ಸ್ವಪಕ್ಷದ ಕ್ರೋಧವನ್ನು ಲೆಕ್ಕಿಸದೆ, ಕ್ಯಾಥೊಲಿಕರಿಗೆ ಪಾರ್ಲಿಮೆಂಟಿನ ಬಾಗಿಲನ್ನು ತೆರೆಯುವ ಶಾಸನವನ್ನು 1829ರಲ್ಲಿ ತಂದು, ಅದಕ್ಕಾಗಿ ವಿಂಚಿಲ್ಸಿ ಪ್ರಭುವಿನೊಡನೆ ದ್ವಂದ್ವಯುದ್ಧಕ್ಕೂ ನಿಂತನು. ಆದರೆ ಮತದಾನದ ಹಕ್ಕನ್ನು ವಿಸ್ತರಿಸಬೇಕೆಂಬ ಕೂಗೆದ್ದಾಗ, ಇರುವ ವ್ಯವಸ್ಥೆಯಲ್ಲಿ ತಿದ್ದತಕ್ಕದ್ದೇನೂ ಇಲ್ಲವೆಂದು 1830ರ ನವೆಂಬರಿನಲ್ಲಿ ಸಭೆಯಲ್ಲಿ ಸಾರಿ, ಆ ತಿಂಗಳಲ್ಲಿಯೇ ಪದವಿಯನ್ನು ಕಳೆದುಕೊಂಡನು. ಮರುವರ್ಷ ಪತ್ನಿಯ ಪಾರ್ಥಿವಶರೀರವು ಮನೆಯೊಳಗಿರುವಾಗಲೇ ಲಂಡನ್ನಿನ ಜನರು ಅವನ ಕಿಟಕಿಗಳಿಗೆ ಕಲ್ಲು ತೂರಿದರು. ಅವನು ಕಿಟಕಿಗಳಿಗೆ ಕಬ್ಬಿಣದ ಕದಗಳನ್ನು ಹಾಕಿಸಿದನು.

ನನಗೆ ತೋರುವಂತೆ, ಪಟ್ಟಣದ ಅಧಿಪತಿಗೂ ಪ್ರಧಾನಮಂತ್ರಿಗೂ ಭೇದವಿರಲಿಲ್ಲ. ಪ್ರಜೆಗಳನ್ನು ರಕ್ಷಿಸುವುದು ಪ್ರಭುವಿನ ಧರ್ಮವೆಂಬುದನ್ನು ಅವನು ಪ್ರಾಮಾಣಿಕನಾಗಿ ಪಾಲಿಸಿದನು. ಆಳುವ ಹಕ್ಕಿನಲ್ಲಿ ಆ ಪ್ರಜೆಗಳಿಗೂ ಪಾಲುಂಟೆಂಬುದನ್ನು ಮಾತ್ರ ಕೊನೆಯವರೆಗೂ ಒಪ್ಪಲಾರದೆ ಹೋದನು.

ಆದರೂ ಶ್ರೀರಂಗಪಟ್ಟಣಕ್ಕೆ ಹೋದವರು ಅವನ ವಾಸಸ್ಥಾನವಾಗಿದ್ದ ದರಿಯಾ ದೌಲತ್ ಅರಮನೆಯ ಪಡುಗೋಡೆಯ ಮುಂದೆ ಕ್ಷಣಕಾಲ ನಿಲ್ಲಬೇಕು. 1780ರಲ್ಲಿ ಟಿಪ್ಪುವಿನ ತಂದೆ ಹೈದರನ ಸೈನ್ಯವು ಪೊಳ್ಳಿಲೂರಿನಲ್ಲಿ ಇಂಗ್ಲಿಷರನ್ನು ಧೂಳೀಪಟಮಾಡಿದ ದೃಶ್ಯವು ಅಲ್ಲಿದೆ. ಮುತ್ತಿಗೆಗೆ ಮುಂಚೆ ಅಳಿಸಿಹೋಗಿದ್ದ ಆ ಚಿತ್ರವನ್ನು ಮರಳಿ ಬರೆಯಿಸಿದವನು ಇದೇ ವೆಲ್ಲೆಸ್ಲಿ.