ಡಾಲ್ಗ್ಲಿಷ್, ಕೆನ್ನಿ

(ಜನನ: 4 ಮಾರ್ಚ್ 1951, ಗ್ಲಾಸ್ಗೋ). ಸ್ಕಾಟ್ಲೆಂಡಿನ ಮಾಜಿ ವೃತ್ತಿಪರ ಫುಟ್‌ಬಾಲ್ ಆಟಗಾರ, ತರಬೇತುದಾರ. ತವರೂರಿನ ಸೆಲ್ಟಿಕ್ ಕ್ಲಬ್‌ನಲ್ಲಿ ಜಾಕ್ ಸ್ಟೀನ್ ಗರಡಿಯಲ್ಲಿ ಪಳಗಿದರು. 1977ರಲ್ಲಿ ಕೆವಿನ್ ಕೀಗನ್ ತೆರವು ಮಾಡಿದ ಜಾಗಕ್ಕೆ ಲಿವರ್‌ಪೂಲ್ ಅವರನ್ನು 4,40,000 ಪೌಂಡ್ ಕೊಟ್ಟು ಕರೆತಂದಿತು.

ಮರುವರ್ಷ ವೆಂಬ್ಲಿಯಲ್ಲಿ ಬ್ರೂಗ್ ವಿರುದ್ಧ ಯುರೋಪಿಯನ್ ಕಪ್ ಫೈನಲ್. ಸಹ ಆಟಗಾರ ಸೂನೆಸ್ ಕೊಟ್ಟ ಚೆಂಡು ಕಾಲಿಗೆ ಬಂದಾಗ ಡಾಲ್ಗ್ಲಿಷ್ ಅವಸರಪಡಲಿಲ್ಲ. ಗೋಲ್‌ಕೀಪರ್ ಮುಂದೆ ಬಂದು ನೆಲಕ್ಕೆ ಬೀಳುವವರೆಗೆ ಅರೆಕ್ಷಣ ತಡೆದು, ಚೆಂಡನ್ನು ಅವನ ಮೇಲಿಂದ ಮೆಲ್ಲಗೆ ಎತ್ತಿ ಹಾಕಿದರು. ಪಂದ್ಯದ ಏಕೈಕ ಗೋಲು ಅದು. ಅವರ ನಿಜವಾದ ಬಲ ವೇಗದಲ್ಲಿರಲಿಲ್ಲ, ಈ ತಾಳ್ಮೆಯಲ್ಲಿತ್ತು. ಕ್ಲಬ್‌ಗಾಗಿ 172 ಗೋಲು ಗಳಿಸಿದರು.

1985ರಲ್ಲಿ ಲಿವರ್‌ಪೂಲ್‌ನ ಆಟಗಾರ-ಮ್ಯಾನೇಜರ್ ಆಗಿ, ಮೊದಲ ಋತುವಿನಲ್ಲೇ ಲೀಗ್, ಎಫ್‌ಎ ಕಪ್ ಎರಡನ್ನೂ ಗೆದ್ದರು. 1989ರ ಹಿಲ್ಸ್‌ಬರೋ ಕ್ರೀಡಾಂಗಣದ ನೂಕುನುಗ್ಗಲು ದುರಂತದಲ್ಲಿ ಲಿವರ್‌ಪೂಲ್‌ನ 97 ಅಭಿಮಾನಿಗಳು ಪ್ರಾಣ ತೆತ್ತಾಗ, ಒಂದೇ ದಿನ ನಾಲ್ಕು ಅಂತ್ಯಸಂಸ್ಕಾರಗಳಿಗೆ ಹೋಗಿ ಕುಟುಂಬಗಳ ಜೊತೆ ನಿಂತರು. ಯಾವ ಟ್ರೋಫಿಗಿಂತಲೂ ಇದು ದೊಡ್ಡದು. ಬಳಲಿ 1991ರಲ್ಲಿ ರಾಜೀನಾಮೆ ಕೊಟ್ಟರು. ಮುಂದೆ ಮ್ಯಾನೇಜರ್ ಆಗಿ 1995ರಲ್ಲಿ ಬ್ಲ್ಯಾಕ್‌ಬರ್ನ್ ತಂಡಕ್ಕೆ ಪ್ರೀಮಿಯರ್ ಲೀಗ್ ಗೆದ್ದುಕೊಟ್ಟರು.

ಸ್ಕಾಟ್ಲೆಂಡ್ ಪರ 102 ಪಂದ್ಯ, 30 ಗೋಲು. ಆ ದೇಶಕ್ಕಾಗಿ ನೂರು ಪಂದ್ಯ ಆಡಿದ ಮೊದಲ ಪುರುಷ ಆಟಗಾರ ಇವರೇ.